ನೀರುಗಂಟಿ ಪುಕ್ಕಟೆ ದುಡಿಯಲಿಲ್ಲ

ವರ್ತೂರು ಕೆರೆ ಅಂದಕೂಡಲೇ ಬೆಂಗಳೂರಿನವರಿಗೆ ಎರಡು ಚಿತ್ರಗಳು ನೆನಪಾಗುತ್ತವೆ. ಒಂದು, 2015ರಲ್ಲಿ ಕೋಡಿಯ ಬಳಿ ಎದ್ದು ರಸ್ತೆಗೆ ಹಾರಿದ ಬಿಳಿ ನೊರೆ. ಇನ್ನೊಂದು, ಭಾನುವಾರ ಬೆಳಿಗ್ಗೆ ಕೈಗವಸು ತೊಟ್ಟು ದಂಡೆಯ ಪ್ಲಾಸ್ಟಿಕ್ ಹೆಕ್ಕುವ ಸ್ವಯಂಸೇವಕರು. ಮೊದಲನೆಯದನ್ನು ನೋಡಿ ನಾಚುತ್ತೇವೆ, ಎರಡನೆಯದನ್ನು ನೋಡಿ ಸಮಾಧಾನಪಡುತ್ತೇವೆ. ನನ್ನ ತಕರಾರು ಈ ಸಮಾಧಾನದ ಬಗ್ಗೆ. ಹೆಕ್ಕುವವರ ಮೇಲೆ ನನಗೆ ಗೌರವವಿದೆ; ಅವರ ಫೋಟೋದ ಹಿಂದೆ ಅಡಗಿ ಕೂತವರ ಮೇಲೆ ಇಲ್ಲ.

ಈ ಕೆರೆಯ ಕಾಯಿಲೆ ಇರುವುದು ಒಳಹರಿವಿನಲ್ಲಿ. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಇಳಿದುಬರುವ ನಗರದ ಕೊಳಚೆ ಮೊದಲು ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ಅದರ ಅರ್ಧದಷ್ಟಿರುವ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ, ಆಮೇಲೆ ತಮಿಳುನಾಡಿಗೆ. ನಮ್ಮ ಬಚ್ಚಲಿನ, ವಾಷಿಂಗ್ ಮೆಷೀನಿನ ಸೋಪು ನೀರು ಸರಿಯಾಗಿ ಶುದ್ಧೀಕರಣವಾಗದೆ ಕೆರೆಯಲ್ಲಿ ಕೂಡಿಕೊಳ್ಳುತ್ತದೆ. ಕೋಡಿಯಲ್ಲಿ ರಭಸದಿಂದ ಬೀಳುವಾಗ ಕಡೆದ ಮಜ್ಜಿಗೆಯಂತೆ ನೊರೆ ಕಟ್ಟುತ್ತದೆ. ಕೊಳಚೆಯ ಸಾರಜನಕ, ರಂಜಕ ಉಂಡು ಅಂತರಗಂಗೆ ಕೊಬ್ಬುತ್ತದೆ. ನೂರು ಮಂದಿ ನೂರು ಭಾನುವಾರ ಬಂದರೂ ಇದು ಯಾವ ಕೈಗವಸಿಗೂ ಸಿಗುವಂಥದ್ದಲ್ಲ.

ಹಾಗಾದರೆ ಸ್ವಯಂಸೇವಕರು ಏನೂ ಸಾಧಿಸಲಿಲ್ಲವೇ? ಸಾಧಿಸಿದ್ದಾರೆ, ಆದರೆ ನಾವು ಚಪ್ಪಾಳೆ ತಟ್ಟುವ ಕೆಲಸದಿಂದಲ್ಲ. ಸುತ್ತಲಿನ ನಿವಾಸಿಗಳು ನೊರೆಯ, ಬೆಂಕಿಯ ಫೋಟೋ ತೆಗೆದರು, ದೂರು ಬರೆದರು, ಸುದ್ದಿ ಸಾಯದಂತೆ ನೋಡಿಕೊಂಡರು. 2017ರ ಫೆಬ್ರುವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿಕೊಂಡಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. 2018ರ ಜನವರಿಯಲ್ಲಿ ಮತ್ತೆ ಬೆಂಕಿ. ನಂದಿಸಲು ಸೈನಿಕರು ಬರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಕೆರೆಗಳಿಗಾಗಿ 500 ಕೋಟಿ ರೂಪಾಯಿ ತೆಗೆದಿಡುವಂತೆ ರಾಜ್ಯ ಸರ್ಕಾರಕ್ಕೆ ಹೇಳಿತು. ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ದಂಡ ಹಾಕಿತು. ನಿವೃತ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ನೇತೃತ್ವದಲ್ಲಿ ಸಮಿತಿ ಮಾಡಿತು. ಬಿಡಿಎ ದೊಡ್ಡ ಪ್ರಮಾಣದಲ್ಲಿ ಹೂಳೆತ್ತಲು ಇಳಿದದ್ದು ಆಮೇಲೆ. ಕಸ ಹೆಕ್ಕಿದ ಕೈ ಕೆರೆಯ ದಂಡೆಯನ್ನು ಚೊಕ್ಕ ಮಾಡಿತು. ದೂರು ಬರೆದ ಕೈ ಸರ್ಕಾರವನ್ನು ಅಲ್ಲಾಡಿಸಿತು.

ಜನರ ಪ್ರೀತಿಯೊಂದಿದ್ದರೆ ಕೆರೆ ಉಳಿಯುತ್ತದೆ ಎನ್ನುವವರಿಗೆ ಹಿಂದಿನವರ ಲೆಕ್ಕ ನೆನಪಿಸಬೇಕು. ನಮ್ಮ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅಥವಾ ಹುಟ್ಟುವಳಿಯ ಪಾಲು. ತೂಬು ತೆಗೆದು ಮುಚ್ಚಿ ಗದ್ದೆಗಳಿಗೆ ನೀರು ಹಂಚುತ್ತಿದ್ದ ನೀರುಗಂಟಿಗೆ ಇನಾಮು ಜಮೀನಿತ್ತು, ಸುಗ್ಗಿಯಲ್ಲಿ ಕಣದಿಂದ ಕಾಳು ಬರುತ್ತಿತ್ತು. ಕೆಲಸ ತಪ್ಪಿದರೆ ಊರು ಕೇಳುತ್ತಿತ್ತು. ಕೆರೆಯ ನೀರನ್ನು ಗಂಗಮ್ಮನೆಂದು ಪೂಜಿಸಿದ ಜನವೇ, ಭಕ್ತಿಯೊಂದರಿಂದಲೇ ಏರಿ ನಿಲ್ಲುತ್ತದೆಂದು ನಂಬಲಿಲ್ಲ. ಆ ವ್ಯವಸ್ಥೆಯಲ್ಲಿ ಜಾತಿಯ ಕ್ರೌರ್ಯವೂ ಇತ್ತು, ಅದನ್ನು ಮರಳಿ ತರಬೇಕಿಲ್ಲ. ಆದರೆ ಒಂದು ಕೆರೆಗೆ ಒಬ್ಬ ಹೊಣೆಗಾರ, ಅವನಿಗೆ ಕೂಲಿ ಎಂಬ ತಿಳಿವಳಿಕೆ ಅವರಿಗಿತ್ತು. ಇವತ್ತು ಬಿಡಿಎ, ಪಾಲಿಕೆ, ಜಲಮಂಡಳಿ, ಮಾಲಿನ್ಯ ನಿಯಂತ್ರಣ ಮಂಡಳಿ ಎಲ್ಲವೂ ಇವೆ. ಸಂಬಳವಿಲ್ಲದೆ ಕೆರೆಗೆ ಬರುವವರು ಮಾತ್ರ ಸ್ವಯಂಸೇವಕರು.

‘ಕೈಕೊಂಡ್ರಹಳ್ಳಿ ಕೆರೆಯನ್ನು ಜನರೇ ಉಳಿಸಲಿಲ್ಲವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸರ್ಜಾಪುರ ರಸ್ತೆಯ ಆ ಕೆರೆಗಾಗಿ ಅಲ್ಲಿನ ನಿವಾಸಿಗಳು ಪಟ್ಟ ಶ್ರಮ ದೊಡ್ಡದು, ಹಕ್ಕಿಗಳೂ ಮರಳಿದವು. ಆದರೆ ಅಲ್ಲಿ ಪಾಲಿಕೆ ಹಣ ಹಾಕಿತ್ತು, ಇಂಜಿನಿಯರುಗಳು ಜನರ ಜೊತೆ ಕೂತು ಯೋಜನೆ ಮಾಡಿದ್ದರು. ಕೆರೆಯೂ ಸುಮಾರು 48 ಎಕರೆಯದು. ವರ್ತೂರು ಅದರ ಒಂಬತ್ತು ಪಟ್ಟಿಗೂ ಹೆಚ್ಚು. ಅದಕ್ಕೆ ಬರುವುದು ಇಡೀ ಕಣಿವೆಯ ಕೊಳಚೆ. ಕೈಕೊಂಡ್ರಹಳ್ಳಿಯಿಂದ ಕಲಿಯಬೇಕಾದ ಪಾಠ, ಜನ ಮತ್ತು ಆಡಳಿತ ಸೇರಬೇಕೆಂಬುದು. ನಾವು ಕಲಿತದ್ದು, ಜನ ಇದ್ದರೆ ಆಡಳಿತ ಮಲಗಬಹುದೆಂಬುದನ್ನು.

ಇನ್ನು ‘ಅಭಿವೃದ್ಧಿ’ಯ ಮಾತು. ಹೂಳೆತ್ತುವುದು, ಸುತ್ತ ಏರಿ ಹಾಕುವುದು, ಅದರ ಮೇಲೆ ವಾಕಿಂಗ್ ದಾರಿ, ಬೇಲಿ, ದೀಪ. ಹೀಗೆ ಕೆರೆ ಬೋಗುಣಿಯಾಗುತ್ತದೆ: ಅಂಚಿನಲ್ಲೇ ಆಳ, ನಡುವೆ ಬರೀ ನೀರು. ಮೆಟ್ಟುಗಾಲು ಹಕ್ಕಿಗೆ, ಕೊಳದ ಬಕಕ್ಕೆ ಮೊಣಕಾಲುದ್ದದ ನೀರೂ ಕೆಸರೂ ಬೇಕು. ಜಂಬುಕೋಳಿಗೆ ಜೊಂಡು ಬೇಕು. ನಮ್ಮ ಕಣ್ಣಿಗೆ ಗಲೀಜಾಗಿ ಕಾಣುವ ಜೌಗು ಅವುಗಳ ಮನೆ, ನೀರಿನ ಕೊಳೆಯನ್ನು ಒಂದಿಷ್ಟು ಹೀರುವುದೂ ಅದೇ. ಹಕ್ಕಿಗಳನ್ನು ಎಣಿಸುವ, ಅವುಗಳ ಗೂಡಿನ ಜಾಗ ಬಲ್ಲ ಸ್ವಯಂಸೇವಕರು ಹೀಗೆಂದು ಹೇಳಬಲ್ಲರು. ಆದರೆ ಅವರನ್ನು ಕರೆಯುವುದು ಗಿಡ ನೆಡಲು. ನಕ್ಷೆ ಹಾಕುವ ಮೇಜಿಗಲ್ಲ.

ಅದೇ ಹೊತ್ತಿಗೆ ಕೆರೆಯ ಸುತ್ತಲಿನ ನೆಲವೂ ಜಾರುತ್ತದೆ. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗಳ ಸುತ್ತ 75 ಮೀಟರ್ ಬಫರ್ ಇರಬೇಕೆಂದಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಮಾಡಿತು. ಆ ಒಂದು ತೀರ್ಪಿನಿಂದ ಕೈಬಿಟ್ಟ ನೆಲವನ್ನು ಎಷ್ಟು ಭಾನುವಾರಗಳ ಶ್ರಮದಾನದಿಂದ ಮರಳಿ ಪಡೆಯುತ್ತೀರಿ?

ಆದ್ದರಿಂದ ಸ್ವಯಂಸೇವಕರಿಗೆ ಶಾಲು, ಹಾರ, ಪ್ರಶಸ್ತಿಪತ್ರ ಬೇಡ. ಪ್ರತಿ ಕೆರೆಗೂ ಸಂಬಳದ ನೀರುಗಂಟಿ ಇರಲಿ, ಕೊಳಚೆ ನುಗ್ಗಿದ ದಿನ ಉತ್ತರ ಹೇಳಬೇಕಾದವರ ಹೆಸರು ಗೊತ್ತಿರಲಿ. ತಿಂಗಳು ತಿಂಗಳು ನೀರಿನ ಪರೀಕ್ಷೆಯ ವರದಿಯನ್ನು ಕನ್ನಡದಲ್ಲಿ ಕೆರೆಯ ದಂಡೆಯಲ್ಲೇ ಹಾಕಲಿ. ಯೋಜನೆಗೆ ಸಹಿ ಬೀಳುವ ಮೊದಲು ಸ್ಥಳೀಯರ, ಹಕ್ಕಿ ಬಲ್ಲವರ, ಮೀನು ಹಿಡಿಯುವವರ, ಹುಲ್ಲು ಕೊಯ್ಯುವವರ ಮಾತು ಕಡತಕ್ಕೆ ಏರಲಿ.

ಓದುವ ಹುಡುಗ ಹುಡುಗಿಯರೇ, ಮುಂದಿನ ಬಾರಿ ಕೆರೆ ಸ್ವಚ್ಛಗೊಳಿಸಲು ಕರೆದರೆ ಖಂಡಿತ ಹೋಗಿ. ಕೈಗವಸು ತೊಡುವ ಮೊದಲು ಅಲ್ಲಿಗೆ ಬಂದ ಅಧಿಕಾರಿಯನ್ನು ಒಂದು ಮಾತು ಕೇಳಿ: ಈ ಕೆಲಸಕ್ಕೆ ಸಂಬಳ ಪಡೆಯುವವರು ಯಾರು, ಅವರು ಇವತ್ತು ಎಲ್ಲಿದ್ದಾರೆ?