ಫುಟ್‌ಬಾಲ್ ಸೊರಗಿದ್ದಕ್ಕೆ ಫೆಡರೇಷನ್ ಒಂದೇ ಹೊಣೆಯೇ?

2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ತಂಡ ಪೆನಾಲ್ಟಿ ಶೂಟೌಟ್‌ನಲ್ಲಿ ಕುವೈತ್ ತಂಡವನ್ನು ಮಣಿಸಿ ಸ್ಯಾಫ್ ಕಪ್ ಎತ್ತಿತು. ಅದೇ ತಿಂಗಳು ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನಕ್ಕೂ ಏರಿತು. ಎರಡು ವರ್ಷ ಕಳೆದು 2025ರ ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶದ ಎದುರು 0–1 ಸೋಲು. 22 ವರ್ಷಗಳಲ್ಲಿ ಆ ತಂಡಕ್ಕೆ ಭಾರತ ಸೋತದ್ದು ಅದೇ ಮೊದಲು. ಪಟ್ಟಿಯಲ್ಲಿ ಸ್ಥಾನ 142ಕ್ಕೆ ಜಾರಿತು. ಅಷ್ಟು ಹೊತ್ತಿಗೆ 2027ರ ಏಷ್ಯನ್ ಕಪ್‌ನ ಬಾಗಿಲೂ ಮುಚ್ಚಿತ್ತು: ಅರ್ಹತಾ ಸುತ್ತಿನ ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ.

ಸಿಟ್ಟೆಲ್ಲ ಈಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ಅಂದರೆ ಎಐಎಫ್‌ಎಫ್ ಮೇಲೆ ತಿರುಗಿದೆ. ಆಟ ಈ ಸ್ಥಿತಿಗೆ ಬಂದದ್ದಕ್ಕೆ ಅದರ ಆಡಳಿತವೇ ಮೂಲ ಕಾರಣವೇ?

ಪರ: ಕಟ್ಟಿದವರೇ ಕೆಡವಿದರು

ಭಾರತೀಯರಿಗೆ ಫುಟ್‌ಬಾಲ್ ಒಗ್ಗುವುದಿಲ್ಲ ಎಂಬ ಮಾತನ್ನು ಇತಿಹಾಸವೇ ಸುಳ್ಳು ಮಾಡುತ್ತದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್‌ಗೆ 1–2ರಿಂದ ಸೋತಿತಷ್ಟೆ. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಅಹ್ಮದ್ ಖಾನ್ ಕೂಡ ಇದೇ ಊರಿನವರು. ಮುಂದೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಕೋಚ್ ಆಗಿದ್ದಾಗ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದವು. 1963ರಲ್ಲಿ ರಹೀಂ ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರು ಹಾಕಿಕೊಟ್ಟ ದಾರಿಯಲ್ಲಿ ಮುಂದೆ ಹೋಗುವ ವ್ಯವಸ್ಥೆ ಫೆಡರೇಷನ್‌ನಲ್ಲಿ ಇರಲಿಲ್ಲ. 1960ರ ರೋಮ್ ನಂತರ ಭಾರತ ತಂಡ ಒಲಿಂಪಿಕ್ಸ್ ಆಡಿಯೇ ಇಲ್ಲ.

ಸೋಲು ಯಾವ ದೇಶಕ್ಕಿಲ್ಲ? ಫೆಡರೇಷನ್ ಮೇಲಿನ ದೂರು ಬೇರೆಯೇ. ಹಿಡಿದ ಕೆಲಸವನ್ನು ಹತ್ತು ವರ್ಷ ಬಿಡದೆ ಮಾಡುವ ಅಭ್ಯಾಸ ಅದಕ್ಕಿಲ್ಲ.

ಇಂಡಿಯನ್ ಆ್ಯರೋಸ್ ತಂಡದ ಕಥೆಯನ್ನೇ ನೋಡಿ. ಹದಿಹರೆಯದ ಹುಡುಗರನ್ನು ಒಂದೆಡೆ ಸೇರಿಸಿ, ದೊಡ್ಡ ಕ್ಲಬ್‌ಗಳ ಎದುರು ಐ–ಲೀಗ್‌ನಲ್ಲಿ ನೇರವಾಗಿ ಆಡಿಸಿ ಪಳಗಿಸುವ ಯೋಜನೆ ಅದು. 2010ರಲ್ಲಿ ಶುರುವಾಯಿತು. ಜೆಜೆ ಲಾಲ್‌ಪೆಖ್ಲುವಾ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅಲ್ಲಿ ಆಡಿ ಬೆಳೆದರು. 2013ರಲ್ಲಿ ತಂಡವನ್ನೇ ಮುಚ್ಚಲಾಯಿತು. 2017ರಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಭಾರತದಲ್ಲೇ ನಡೆದಾಗ ದೆಹಲಿಯಲ್ಲಿ ಕೊಲಂಬಿಯಾ ವಿರುದ್ಧ ಜೀಕ್ಸನ್ ಸಿಂಗ್ ತಲೆಯಿಂದ ಗೋಲು ಹೊಡೆದ. ಫಿಫಾ ವಿಶ್ವಕಪ್ ಒಂದರಲ್ಲಿ ಭಾರತದ ಮೊದಲ ಗೋಲು. ಆ ಹುಡುಗರಿಗಾಗಿ ಆ್ಯರೋಸ್‌ಗೆ ಮತ್ತೆ ಜೀವ ಬಂತು. ಜೀಕ್ಸನ್, ಈಗ ಬೆಂಗಳೂರಿಗರಿಗೆ ಚಿರಪರಿಚಿತನಾದ ಸುರೇಶ್ ಸಿಂಗ್ ವಾಂಗ್ಜಮ್, ರಾಹುಲ್ ಕೆ.ಪಿ. ಎಲ್ಲರೂ ಅಲ್ಲಿಂದ ಬಂದವರೇ. 2022ರಲ್ಲಿ ಮತ್ತೆ ಬೀಗ. ರಾಷ್ಟ್ರೀಯ ತಂಡಕ್ಕೆ ಇಷ್ಟು ಮಂದಿಯನ್ನು ಕೊಟ್ಟ ಯೋಜನೆಯನ್ನು ಎರಡೆರಡು ಸಲ ಮುಚ್ಚಿದ ಫೆಡರೇಷನ್, 2023ರ ಜನವರಿಯಲ್ಲಿ ‘ವಿಷನ್ 2047’ ಎಂಬ ಹೊಸ ಕನಸನ್ನು ಹಂಚಿತು. 2047ಕ್ಕೆ ಭಾರತ ಏಷ್ಯಾದ ಮೊದಲ ನಾಲ್ಕು ತಂಡಗಳಲ್ಲಿ ಇರಬೇಕಂತೆ. ಅಷ್ಟು ಹೊತ್ತಿಗೆ ಈಗಿನ ಪದಾಧಿಕಾರಿಗಳನ್ನು ಲೆಕ್ಕ ಕೇಳುವವರು ಯಾರೂ ಇರುವುದಿಲ್ಲ.

ಕೋಚ್‌ಗಳ ವಿಷಯ ಇನ್ನೊಂದು. ಕ್ರೊವೇಷಿಯಾದ ಇಗೊರ್ ಸ್ಟಿಮಾಚ್ ಅವರ ಒಪ್ಪಂದವನ್ನು 2023ರ ಅಕ್ಟೋಬರ್‌ನಲ್ಲಿ 2026ರವರೆಗೆ ವಿಸ್ತರಿಸಲಾಯಿತು. ಮೂರು ತಿಂಗಳಿಗೆ ಕತಾರ್‌ನ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತು, ಒಂದು ಗೋಲೂ ಬರಲಿಲ್ಲ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಸುನಿಲ್ ಛೆಟ್ರಿ ಅವರ 150ನೇ ಪಂದ್ಯ. ಎದುರಾಳಿ ಅಫ್ಗಾನಿಸ್ತಾನ. ಛೆಟ್ರಿ ಪೆನಾಲ್ಟಿಯಲ್ಲಿ ಗೋಲು ಹೊಡೆದು ಮುನ್ನಡೆ ತಂದರು; ಕೊನೆಯ 20 ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಭಾರತ 1–2ರಿಂದ ಸೋತಿತು. ಜೂನ್‌ನಲ್ಲಿ ಸ್ಟಿಮಾಚ್ ವಜಾ. ಒಪ್ಪಂದ ಮುರಿದದ್ದಕ್ಕೆ ಫೆಡರೇಷನ್ ಕೊಡಬೇಕಾಗಿ ಬಂದ ಪರಿಹಾರ ಪತ್ರಿಕೆಗಳ ವರದಿಯಂತೆ 4 ಲಕ್ಷ ಡಾಲರ್, ಮೂರು ಕೋಟಿ ರೂಪಾಯಿಗೂ ಹೆಚ್ಚು. ಸ್ಟಿಮಾಚ್ ಇದ್ದ ಅವಧಿಯಲ್ಲೇ ಆಟಗಾರರ ಜಾತಕ ಕುರಿತು ಕೋಚ್ ಜ್ಯೋತಿಷಿಯೊಬ್ಬರ ಸಲಹೆ ಕೇಳಿದ್ದೂ ಸುದ್ದಿಯಾಯಿತು. ಜ್ಯೋತಿಷ ಪ್ರಶ್ನೆಗೆ ಕವಡೆ ಹಾಕುವ ನಾಡಿನಲ್ಲೂ ಫುಟ್‌ಬಾಲ್ ತಂಡವನ್ನು ಹೀಗೆ ಆರಿಸುತ್ತಾರೆಂದು ಯಾರೂ ಎಣಿಸಿರಲಿಲ್ಲ.

ನಂತರ ಬಂದ ಸ್ಪೇನ್‌ನ ಮನೊಲೊ ಮಾರ್ಕೆಸ್ ಎಫ್‌ಸಿ ಗೋವಾ ಕೋಚ್ ಹುದ್ದೆಯಲ್ಲಿ ಇದ್ದುಕೊಂಡೇ ರಾಷ್ಟ್ರೀಯ ತಂಡವನ್ನೂ ನೋಡಿಕೊಂಡರು. ಎಂಟು ಪಂದ್ಯ, ಒಂದು ಗೆಲುವು. ಅದೂ ಮಾಲ್ಡೀವ್ಸ್ ಎದುರು. ಗೋಲು ಹೊಡೆಯುವವರಿಲ್ಲದೆ, ನಿವೃತ್ತರಾಗಿದ್ದ ಛೆಟ್ರಿಯನ್ನು 40ನೇ ವಯಸ್ಸಿನಲ್ಲಿ ಮತ್ತೆ ಕರೆಸಿಕೊಳ್ಳಬೇಕಾಯಿತು. ಕೋಚ್‌ಗಳು ಹೀಗೆ ಬಂದು ಹೋಗುತ್ತಾರೆ. ಅಧ್ಯಕ್ಷರ ಲೆಕ್ಕ ಮಾತ್ರ ಬೇರೆ: 1988ರಿಂದ ಈಚೆಗೆ ಪ್ರಿಯರಂಜನ್ ದಾಸ್‌ಮುನ್ಷಿ, ಪ್ರಫುಲ್ ಪಟೇಲ್, ಕಲ್ಯಾಣ್ ಚೌಬೆ, ಒಟ್ಟು ಮೂವರೇ.

ಪಟೇಲ್ ಅವಧಿ ಮುಗಿದರೂ ಚುನಾವಣೆ ನಡೆಯದೆ ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಅವರನ್ನು ಇಳಿಸಿ ಆಡಳಿತಗಾರರ ಸಮಿತಿ ನೇಮಿಸಿತು. ಹೊರಗಿನ ಹಸ್ತಕ್ಷೇಪವೆಂದು ಫಿಫಾ ಆಗಸ್ಟ್ 15ರಂದು ಫೆಡರೇಷನ್ ಅನ್ನು ಅಮಾನತು ಮಾಡಿತು. ಆ ಹೊತ್ತಿಗೆ ಗೋಕುಲಂ ಕೇರಳದ ಮಹಿಳಾ ತಂಡ ಏಷ್ಯಾದ ಕ್ಲಬ್ ಟೂರ್ನಿಗೆಂದು ತಾಷ್ಕೆಂಟ್‌ನಲ್ಲಿ ಇಳಿದಾಗಿತ್ತು. ಆಡಲು ಬಿಡಲಿಲ್ಲ. ಅಧಿಕಾರದ ಜಗಳದ ದಂಡ ತೆತ್ತವರು ಆ ಹೆಣ್ಣುಮಕ್ಕಳು. 11 ದಿನಕ್ಕೆ ಅಮಾನತು ತೆರವಾಗಿ ಚುನಾವಣೆ ನಡೆದಾಗ, ಭಾರತ ಕಂಡ ಅತ್ಯುತ್ತಮ ಆಟಗಾರರಲ್ಲಿ ಒಬ್ಬರಾದ ಭೈಚುಂಗ್ ಭುಟಿಯಾ ಅವರಿಗೆ ಬಿದ್ದ ಮತ ಒಂದು. ಚೌಬೆ ಅವರಿಗೆ 33.

ಇಷ್ಟರ ಮೇಲೆ ಲೀಗ್ ಕಥೆ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಡೆಸುವ ಹಕ್ಕನ್ನು ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಕೊಟ್ಟಿತ್ತು. ಅದು 2025ರ ಡಿಸೆಂಬರ್‌ನಲ್ಲಿ ಮುಗಿಯುತ್ತದೆ ಎಂಬುದು ಸಹಿ ಹಾಕಿದ ದಿನವೇ ಗೊತ್ತಿದ್ದ ಸಂಗತಿ. ಆದರೂ ಗಡುವು ಹತ್ತಿರ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಜುಲೈನಲ್ಲಿ ಲೀಗ್‌ಗೆ ತಡೆ ಬಿತ್ತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿರುವುದಾಗಿ ಬಹಿರಂಗವಾಗಿ ಹೇಳಿತು. ಹೊಸ ಟೆಂಡರ್ ಕರೆದರೆ ಒಂದೂ ಬಿಡ್ ಬರಲಿಲ್ಲ. ಆಟಗಾರ ತಿಂಗಳುಗಟ್ಟಲೆ ಪಂದ್ಯವಿಲ್ಲದೆ ಕೂತಿದ್ದು ಢಾಕಾಕ್ಕೆ ಹೋದರೆ ಕಾಲು ಓಡುತ್ತದೆಯೇ?

ವಿರೋಧ: ಒಂದು ಕಚೇರಿಗೆ ಎಟುಕದ್ದು

ಸುವರ್ಣಯುಗದ ಮಾತಿನಿಂದಲೇ ಶುರು ಮಾಡೋಣ. ಮೆಲ್ಬರ್ನ್‌ನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾ ವಿರುದ್ಧ ಹ್ಯಾಟ್ರಿಕ್ ಹೊಡೆದದ್ದು ನಿಜ, ಹೆಮ್ಮೆಯ ಸಂಗತಿ. ಆದರೆ ಆ ಟೂರ್ನಿಯಲ್ಲಿ ಆಡಿದ್ದು 11 ತಂಡಗಳು. ಮೊದಲ ಎದುರಾಳಿಯಾಗಬೇಕಿದ್ದ ಹಂಗೆರಿ ಹಿಂದೆ ಸರಿದದ್ದರಿಂದ ಭಾರತ ಆಡದೆಯೇ ಮುಂದಿನ ಸುತ್ತಿಗೆ ಹೋಯಿತು. ನಾಲ್ಕನೇ ಸ್ಥಾನಕ್ಕೆ ಒಂದು ಗೆಲುವು ಸಾಕಾಯಿತು. 1962ರ ಜಕಾರ್ತದಲ್ಲಿ ಇದ್ದದ್ದು ಎಂಟು ತಂಡ. ಇಸ್ರೇಲ್, ತೈವಾನ್‌ಗೆ ಇಂಡೊನೇಷ್ಯಾ ಪ್ರವೇಶವನ್ನೇ ಕೊಟ್ಟಿರಲಿಲ್ಲ. 1964ರ ಏಷ್ಯನ್ ಕಪ್‌ನಲ್ಲಿ ಭಾರತ ಎರಡನೆಯದು, ಸರಿ, ಒಟ್ಟು ತಂಡಗಳೇ ನಾಲ್ಕು. ರಹೀಂ ಅವರ ದೊಡ್ಡತನ ಇದರಿಂದ ಕಡಿಮೆಯಾಗದು. ಆದರೆ ಆಗಿನ ಏಷ್ಯಾ ಈಗಿನ ಏಷ್ಯಾ ಅಲ್ಲ. ಜಪಾನ್ 1993ರಲ್ಲಿ ವೃತ್ತಿಪರ ಲೀಗ್ ಆರಂಭಿಸಿತು. ಸುಮಾರು ಮೂರೂವರೆ ಕೋಟಿ ಜನರ ಉಜ್ಬೇಕಿಸ್ತಾನ ಕಿರಿಯರ ಏಷ್ಯನ್ ಕಪ್‌ಗಳನ್ನು ಗೆದ್ದೂ ಗೆದ್ದು 2026ರ ವಿಶ್ವಕಪ್‌ಗೆ ಹೋಯಿತು. ಭಾರತ ಇಳಿದದ್ದಕ್ಕಿಂತ ಉಳಿದವರು ಏರಿದ್ದೇ ಹೆಚ್ಚು.

ಉಜ್ಬೇಕಿಸ್ತಾನದ ಹುಡುಗ ಚೆಂಡು ಮುಟ್ಟುವುದು ಆರೇಳನೇ ವಯಸ್ಸಿಗೆ. ಭಾರತದಲ್ಲಿ ಆ ವಯಸ್ಸಿನ ಮಗು ಯಾರ ಕೈಯಲ್ಲಿದೆ? ಶಾಲೆಯ ಕೈಯಲ್ಲಿ, ಪಾಲಿಕೆಯ ಕೈಯಲ್ಲಿ, ರಾಜ್ಯ ಸಂಸ್ಥೆಯ ಕೈಯಲ್ಲಿ. ದೆಹಲಿಯ ಫುಟ್‌ಬಾಲ್ ಹೌಸ್‌ನಿಂದ ಅದು ಬಲು ದೂರ. ಬೆಂಗಳೂರಿನಲ್ಲಿ ಹಲಸೂರಿನ ಗೌತಮಪುರಕ್ಕೆ ಹೋದರೆ ಪೆಲೆ ಪ್ರತಿಮೆಯೇ ಇದೆ, ಓಣಿ ಓಣಿಯಲ್ಲಿ ಆಟದ ಹುಚ್ಚಿದೆ. ಆದರೆ ನಗರದ ಉಳಿದ ಕಡೆ ಬಯಲೆಲ್ಲ ಬಡಾವಣೆಯಾಗಿ, ಮಕ್ಕಳು ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ಬಲೆ ಕಟ್ಟಿದ ಟರ್ಫ್‌ನಲ್ಲಿ ಐದೈದು ಮಂದಿ ಆಡುತ್ತಾರೆ. ಮೈಸೂರು ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿದ್ದ ರಾಜ್ಯ, 1968–69ರ ಬಳಿಕ ಮತ್ತೆ ಗೆಲ್ಲಲು 2023ರ ಮಾರ್ಚ್‌ವರೆಗೆ, 54 ವರ್ಷ ಕಾಯಿತು. ಅಷ್ಟೂ ವರ್ಷಗಳ ತಪ್ಪನ್ನು ರಾಷ್ಟ್ರೀಯ ಫೆಡರೇಷನ್ ತಲೆಗೆ ಕಟ್ಟಲಾದೀತೇ?

ಹಣದ ಮಾತು ಬಂದರೆ ಕ್ರಿಕೆಟ್ ಮಂಡಳಿಯ ಜೊತೆ ಹೋಲಿಸುವುದು ರೂಢಿ. ಐಪಿಎಲ್‌ನ ಐದು ವರ್ಷಗಳ ಪ್ರಸಾರ ಹಕ್ಕು ಮಾರಾಟವಾದದ್ದು 48,390 ಕೋಟಿ ರೂಪಾಯಿಗೆ. ಫುಟ್‌ಬಾಲ್ ಫೆಡರೇಷನ್‌ಗೆ ಲೀಗ್ ಒಪ್ಪಂದದಿಂದ ಬರುತ್ತಿದ್ದದ್ದು ವರ್ಷಕ್ಕೆ 50 ಕೋಟಿ. ಅದರಲ್ಲೇ ಪುರುಷ, ಮಹಿಳಾ, ಕಿರಿಯರ ತಂಡಗಳ ಶಿಬಿರ, ಪ್ರಯಾಣ, ರೆಫರಿಗಳ ತರಬೇತಿ, ಕಿರಿಯರ ಲೀಗ್‌ಗಳು. ಆ್ಯರೋಸ್ ಮುಚ್ಚಿದ್ದು ತಪ್ಪು ನಿರ್ಧಾರವೇ. ಅದನ್ನು ಸಮರ್ಥಿಸುವ ಅಗತ್ಯವಿಲ್ಲ. ಆದರೆ ವರ್ಷವಿಡೀ ತಂಡವೊಂದನ್ನು ಸಾಕುವ ಖರ್ಚನ್ನು ಮರೆತು ಮಾತಾಡುವುದೂ ಸಲ್ಲದು.

ಗೋಲು ಹೊಡೆಯುವವರಿಲ್ಲ ಎಂಬ ದೂರಿಗೆ ಉತ್ತರ ಕ್ಲಬ್‌ಗಳ ಬಳಿ ಇದೆ. ಐಎಸ್‌ಎಲ್‌ನ ಮೊದಲ ವರ್ಷಗಳಲ್ಲಿ ಕಣದಲ್ಲಿರುವ 11 ಮಂದಿಯಲ್ಲಿ ಆರು ವಿದೇಶಿಯರಿಗೆ ಅವಕಾಶವಿತ್ತು, 2021ರ ಹೊತ್ತಿಗೆ ಅದು ನಾಲ್ಕಕ್ಕೆ ಇಳಿಯಿತು. ಗೋಲು ಹೊಡೆಯುವ ಸ್ಟ್ರೈಕರ್ ಸಾಮಾನ್ಯವಾಗಿ ಆ ನಾಲ್ವರಲ್ಲೊಬ್ಬನೇ ಆಗಿರುತ್ತಾನೆ. ಭಾರತದ ಹುಡುಗನಿಗೆ ಬದಿಯ ಜಾಗ. ಕ್ಲಬ್‌ಗೆ ಈ ವಾರ ಗೆಲ್ಲಬೇಕು. ದೇಶಕ್ಕೆ ಸ್ಟ್ರೈಕರ್ ಸಿಗುತ್ತಾನೋ ಇಲ್ಲವೋ ಅದರ ಚಿಂತೆಯಲ್ಲ. ಇಂಥ ನಿಯಮಕ್ಕೆ ಒಪ್ಪಿಗೆ ಕೊಟ್ಟವರು ಯಾರು ಎಂದು ಕೇಳಿದರೆ ಬೆರಳು ಮತ್ತೆ ಫೆಡರೇಷನ್ ಕಡೆಗೇ ಹೋಗುತ್ತದೆ ಎಂಬುದೂ ನಿಜ. ಆದರೆ ಹಣ ಹಾಕುವವರ ಮಾತು ಮೀರುವ ಶಕ್ತಿ ಅದಕ್ಕೆ ಇತ್ತೇ?

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟ ಇದಕ್ಕೆ ಸಾಕ್ಷಿ. ಅಂತರರಾಷ್ಟ್ರೀಯ ಪಂದ್ಯಗಳಿಗೆ ಫಿಫಾ ಮೀಸಲಿಟ್ಟ ಅವಧಿಯಲ್ಲಿ ಇಲ್ಲದ ಕೂಟವಾದ್ದರಿಂದ ಆಟಗಾರರನ್ನು ಬಿಡುವ ಕಟ್ಟುಪಾಡು ಕ್ಲಬ್‌ಗಳಿಗೆ ಇರಲಿಲ್ಲ; ಬಹುತೇಕರು ಬಿಡಲೂ ಇಲ್ಲ. ಸಿಕ್ಕವರನ್ನು ಕಟ್ಟಿಕೊಂಡು ಹೊರಟ ತಂಡ ಪಂದ್ಯದ ಹಿಂದಿನ ದಿನ ಸಂಜೆಗೆ ಚೀನಾ ತಲುಪಿತು. ಮರುದಿನ ಆತಿಥೇಯರ ಎದುರು ವಿರಾಮದವರೆಗೆ 1–1, ಮುಗಿದಾಗ 1–5. ಮೊದಲರ್ಧ ಹುಡುಗರದ್ದು, ಎರಡನೆಯದು ದಣಿವಿನದ್ದು. ಅದಕ್ಕೂ ಮುಂಚೆ, 2018ರ ಕೂಟಕ್ಕೆ ಫುಟ್‌ಬಾಲ್ ತಂಡವನ್ನು ಕಳಿಸಲು ಭಾರತ ಒಲಿಂಪಿಕ್ ಸಂಸ್ಥೆಯೇ ಒಪ್ಪಿರಲಿಲ್ಲ.

ಢಾಕಾದಲ್ಲಿ ಸೋಲಿಸಿದ ತಂಡದಲ್ಲಿ ಹಂಝಾ ಚೌಧರಿ ಇದ್ದರು. ಇಂಗ್ಲೆಂಡಿನಲ್ಲಿ ಹುಟ್ಟಿ, ಲೆಸ್ಟರ್ ಸಿಟಿಯಲ್ಲಿ ಬೆಳೆದು, ತಾಯಿಯ ನಂಟಿನಿಂದ ಬಾಂಗ್ಲಾ ಪರ ಆಡುವವರು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಭಾರತಕ್ಕೆ ಆಡಬೇಕೆಂದರೆ ಆಸ್ಟ್ರೇಲಿಯಾದ ಪಾಸ್‌ಪೋರ್ಟನ್ನೇ ಬಿಡಬೇಕಾಯಿತು. ಈ ಕಾನೂನು ಮಾಡಿದ್ದು ಸಂಸತ್ತು. ಲೀಗ್ ಹಕ್ಕಿನ ಗೋಜಲಿನಲ್ಲೂ ಪೂರ್ತಿ ತಪ್ಪು ಫೆಡರೇಷನ್‌ನದಲ್ಲ: ಫೆಡರೇಷನ್‌ನ ಹೊಸ ಸಂವಿಧಾನದ ಬಗ್ಗೆ ತೀರ್ಪು ಬರುವ ತನಕ ಹೊಸ ಒಪ್ಪಂದ ಬೇಡವೆಂದು ಸುಪ್ರೀಂ ಕೋರ್ಟ್ ಹೇಳಿತ್ತು. 2017ರಲ್ಲಿ ಕೋರ್ಟ್ ಮೆಟ್ಟಿಲೇರಿದ ಆ ವಿಚಾರ ಇತ್ಯರ್ಥವಾದದ್ದು 2025ರ ಸೆಪ್ಟೆಂಬರ್ 19ರಂದು.

ಕೊನೆಗೆ ಮಹಿಳಾ ತಂಡ. 2025ರಲ್ಲಿ ಬೆಂಗಳೂರಿನ ಪಡುಕೋಣೆ–ದ್ರಾವಿಡ್ ಕೇಂದ್ರದಲ್ಲಿ ಆ ತಂಡಕ್ಕೆ ದೀರ್ಘ ಶಿಬಿರ ನಡೆಯಿತು. ಅಲ್ಲಿಂದ ಥಾಯ್ಲೆಂಡ್‌ಗೆ ಹೋದವರು ಮಂಗೋಲಿಯಾಕ್ಕೆ 13 ಗೋಲು ಹೊಡೆದರು. ಜುಲೈ 5ರಂದು ಚಿಯಾಂಗ್ ಮಾಯ್‌ನಲ್ಲಿ, ಎರಡು ವಿಶ್ವಕಪ್ ಆಡಿದ ಥಾಯ್ಲೆಂಡ್ ತಂಡವನ್ನು ಅದರ ನೆಲದಲ್ಲೇ 2–1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರವು. ಅರ್ಹತಾ ಸುತ್ತು ಆಡಿ ಏಷ್ಯನ್ ಕಪ್‌ಗೆ ಹೋದದ್ದು ಭಾರತದ ಮಹಿಳೆಯರಿಗೆ ಅದೇ ಮೊದಲು. ಮರುತಿಂಗಳು 20 ವರ್ಷದೊಳಗಿನ ಹುಡುಗಿಯರೂ ತಮ್ಮ ಏಷ್ಯನ್ ಕಪ್‌ಗೆ ಅರ್ಹತೆ ಪಡೆದರು. ನವೆಂಬರ್ ಕೊನೆಗೆ ಅಹಮದಾಬಾದ್‌ನಲ್ಲಿ 17 ವರ್ಷದೊಳಗಿನ ಹುಡುಗರು ಇರಾನ್ ತಂಡವನ್ನು 2–1ರಿಂದ ಮಣಿಸಿದರು. ಶಿಬಿರಕ್ಕೆ ಆಟಗಾರರು ಪೂರ್ತಿ ಸಿಕ್ಕಿ, ಕ್ಲಬ್‌ಗಳ ಹಗ್ಗಜಗ್ಗಾಟವಿಲ್ಲದ ಕಡೆ ಇದೇ ಫೆಡರೇಷನ್ ಕೆಲಸ ಮಾಡಿ ತೋರಿಸಿದೆ. ಹಾಗಿದ್ದ ಮೇಲೆ ಸಿಟ್ಟಿನ ಒಂದು ಪಾಲು ಕ್ಲಬ್ ಮಾಲೀಕರಿಗೂ, ಇನ್ನೊಂದು ರಾಜ್ಯ ಸಂಸ್ಥೆಗಳಿಗೂ ಸಲ್ಲಬೇಕು. ಅಧ್ಯಕ್ಷರನ್ನು ಆರಿಸುವ 34 ಮತಗಳಲ್ಲಿ 33 ಒಂದೇ ಕಡೆ ಬಿದ್ದಾಗ, ಆ ಮತ ಹಾಕಿದವರು ರಾಜ್ಯ ಸಂಸ್ಥೆಗಳ ಪ್ರತಿನಿಧಿಗಳೇ.

ಈಗಿನ ಕಾರ್ಯಕಾರಿ ಸಮಿತಿ ಆಯ್ಕೆಯಾದದ್ದು 2022ರ ಸೆಪ್ಟೆಂಬರ್‌ನಲ್ಲಿ, ಅವಧಿ ನಾಲ್ಕು ವರ್ಷ. ಹೊಸ ಸಂವಿಧಾನದಂತೆ ಫೆಡರೇಷನ್‌ನ ಮಹಾಸಭೆಯಲ್ಲಿ ಇನ್ನು ಮುಂದೆ 15 ಮಂದಿ ಮಾಜಿ ಆಟಗಾರರೂ ಕೂರುತ್ತಾರೆ.