ಮೋಡ ಭೇದಿಸುವ ರಾಡಾರ್‌ಗೂ ಮುಂಗಾರಿನ ಸವಾಲು

ಮಂಗಳೂರು: 2025ರ ಮೇ 25ರಂದು ಕೊಚ್ಚಿ ಸಮೀಪ ಅರಬ್ಬಿ ಸಮುದ್ರದಲ್ಲಿ ‘ಎಂಎಸ್‌ಸಿ ಎಲ್ಸಾ-3’ ಹಡಗು ಮುಳುಗಿದಾಗ ಅದರಲ್ಲಿ 640 ಕಂಟೇನರ್‌ಗಳ ಜತೆಗೆ ಸುಮಾರು 367 ಟನ್ ಫರ್ನೇಸ್ ಆಯಿಲ್ ಹಾಗೂ 84 ಟನ್ ಡೀಸೆಲ್ ಇತ್ತು. ಹಿಂದಿನ ದಿನವಷ್ಟೇ ಕೇರಳಕ್ಕೆ ಮುಂಗಾರು ಕಾಲಿಟ್ಟಿತ್ತು. ಮೋಡ ಕವಿದ ಕಡಲಿನಲ್ಲಿ ಸೋರಿದ ತೈಲ ಎತ್ತ ಸಾಗುತ್ತದೆ ಎಂದು ಅರಿಯುವುದು ಹೇಗೆ?

ಕರ್ನಾಟಕ ಕರಾವಳಿಗೂ ಈ ಪ್ರಶ್ನೆ ಹೊಸದಲ್ಲ. 2006ರ ಮೇ ಅಂತ್ಯದಲ್ಲಿ ಕಾರವಾರದ ಬಳಿ ‘ಓಷನ್ ಸೆರಾಯಾ’ ಅಪಘಾತಕ್ಕೀಡಾಗಿ ತೈಲ ಸೋರಿದ್ದು, 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ‘ಪ್ರಿನ್ಸೆಸ್ ಮಿರಾಲ್’ ಮುಳುಗಿದ್ದು ಇದೇ ಋತುವಿನಲ್ಲಿ.

ಸಾಮಾನ್ಯ ಉಪಗ್ರಹ ಕ್ಯಾಮೆರಾ ಮೋಡದ ಮುಂದೆ ಕುರುಡು. ರಾಡಾರ್ ಹಾಗಲ್ಲ. ಅದು ತಾನೇ ಕಳುಹಿಸುವ ಮೈಕ್ರೋವೇವ್ ತರಂಗಗಳು ಮೋಡ, ಕತ್ತಲೆಗಳನ್ನು ದಾಟಿ ಸಮುದ್ರದ ಕಿರುದೆರೆಗಳಿಗೆ ತಾಗಿ ಹಿಂದಿರುಗುತ್ತವೆ. ತೈಲದ ಪದರ ಈ ಕಿರುದೆರೆಗಳನ್ನು ಅಡಗಿಸುವುದರಿಂದ ಚಿತ್ರದಲ್ಲಿ ಆ ಭಾಗ ಕಪ್ಪಾಗಿ ಕಾಣುತ್ತದೆ.

ಆದರೆ ಕಪ್ಪಗಿರುವುದೆಲ್ಲ ತೈಲವಲ್ಲ. ಗಾಳಿಯ ವೇಗ ಸೆಕೆಂಡಿಗೆ 2-3 ಮೀಟರ್‌ಗಿಂತ ಕಡಿಮೆಯಾದರೆ ಇಡೀ ಕಡಲೇ ಕಪ್ಪಾಗಿ ತೋರುತ್ತದೆ. ಪಾಚಿಯ ಜಿಡ್ಡೂ ಹಾಗೆಯೇ ಕಂಡು ದಾರಿ ತಪ್ಪಿಸಬಲ್ಲದು. ಗಾಳಿ 10-12 ಮೀಟರ್ ಮೀರಿದರೆ ತೈಲವೇ ನೀರಿನಲ್ಲಿ ಬೆರೆತು ಗುರುತು ಅಳಿಸಿಹೋಗುತ್ತದೆ. ಅಂದರೆ ಮುಂಗಾರಿನ ಮೋಡವನ್ನು ಗೆಲ್ಲುವ ತಂತ್ರಜ್ಞಾನ ಮುಂಗಾರಿನ ಬಿರುಗಾಳಿಗೆ ಸೋಲಬಹುದು. ಉಪಗ್ರಹ ಶಂಕೆಯನ್ನಷ್ಟೇ ಒದಗಿಸುತ್ತದೆ. ಖಚಿತಪಡಿಸಲು ವಿಮಾನ ಅಥವಾ ನೌಕೆ ಸ್ಥಳಕ್ಕೆ ತೆರಳಲೇಬೇಕು.

ಸಮಯದ ತೊಡಕೂ ಇದೆ. 2025ರ ಜುಲೈ 30ರಂದು ಉಡಾವಣೆಗೊಂಡ ಇಸ್ರೋ-ನಾಸಾ ಜಂಟಿ ಉಪಗ್ರಹ ‘ನಿಸಾರ್’ ಅದೇ ಪಥಕ್ಕೆ ಮರಳಲು 12 ದಿನ ಬೇಕು. ತೈಲ ಅಷ್ಟು ದಿನ ಕಾಯದು. ಹಲವು ಉಪಗ್ರಹಗಳ ಚಿತ್ರಗಳನ್ನು ಒಗ್ಗೂಡಿಸಿದರೆ ಮಾತ್ರ ಈ ಅಂತರ ತಗ್ಗೀತು. ಯುರೋಪ್ 2007ರಿಂದ ‘ಕ್ಲೀನ್‌ಸೀನೆಟ್’ ಮೂಲಕ ಈ ಮಾರ್ಗ ಹಿಡಿದಿದೆ. ಭಾರತದಲ್ಲಿ ಕಾರ್ಯಾಚರಣೆಯ ಹೊಣೆ ಕರಾವಳಿ ಕಾವಲು ಪಡೆಯದು. ತೈಲ ಸಾಗುವ ದಿಕ್ಕನ್ನು ಅಂದಾಜಿಸುವುದು ಹೈದರಾಬಾದ್‌ನ ‘ಇನ್‌ಕಾಯಿಸ್’ ಸಂಸ್ಥೆ.

ಅಪಘಾತದ ನಂತರ ಚಿತ್ರ ತರಿಸುವುದು ಒಂದು, ನಿತ್ಯದ ಕಾವಲು ಮತ್ತೊಂದು. ರಾತ್ರಿ ಕದ್ದು ತೈಲತ್ಯಾಜ್ಯ ಸುರಿದು ಸಾಗುವ ಹಡಗನ್ನು ಹಿಡಿಯಲು ಎರಡನೆಯದೇ ಬೇಕು. ಡಾಂಬರಿನ ಉಂಡೆಗಳು ದಡ ಸೇರುವ ಹೊತ್ತಿಗೆ ಹಡಗು ಸಾವಿರಾರು ಕಿ.ಮೀ. ದೂರ ಹೋಗಿರುತ್ತದೆ. ಬಲೆ, ಮೀನು ಕಳೆದುಕೊಂಡ ಮೀನುಗಾರ ಪರಿಹಾರ ಕೇಳಬೇಕಾದರೆ ಯಾರನ್ನು ಕೇಳಬೇಕು? ದಿನಾಂಕ, ಸ್ಥಳ ನಮೂದಾದ ರಾಡಾರ್ ಚಿತ್ರವೊಂದು ಸಕಾಲಕ್ಕೆ ಸಿಕ್ಕರೆ ಆ ಪ್ರಶ್ನೆಗೆ ಉತ್ತರದ ಮೊದಲ ಎಳೆ ಸಿಕ್ಕಂತೆ.