ಇರುವೆಗಳಿಗೂ ಹೆಸರಿತ್ತು

ಹೊಸಪೇಟೆ ಬಿಟ್ಟು ಸಂಡೂರಿನ ಗುಡ್ಡಗಳ ಕಡೆ ಹೊರಟರೆ ಊರಿನ ಅಂಚಿನಲ್ಲೇ ಒಂದು ಭಾರಿ ಏರಿ ಸಿಗುತ್ತದೆ. ಎರಡು ಗುಡ್ಡಗಳ ನಡುವಿನ ಸಂದನ್ನು ಮುಚ್ಚುವಂತೆ ಕಟ್ಟಿದ ಏರಿ ಅದು. ಜನ ಅದನ್ನು ರಾಯರ ಕೆರೆ ಏರಿ ಎನ್ನುತ್ತಾರೆ. ಕೆರೆ ಕೆರೆಯಾಗಿ ಉಳಿದಿಲ್ಲ, ಏರಿ ಮಾತ್ರ ಗಟ್ಟಿಯಾಗಿದೆ. ದಿನವೂ ಬಸ್ಸು, ಲಾರಿ, ಬೈಕುಗಳು ಅದರ ಮೇಲೆ ಓಡಾಡುತ್ತವೆ. ಐನೂರು ವರ್ಷದ ಹಿಂದೆ ಜನ ಹೊತ್ತು ಹಾಕಿದ ಮಣ್ಣಿನ ಮೇಲೆ ಹೋಗುತ್ತಿದ್ದೇವೆ ಎಂಬುದು ಬಸ್ಸಿನಲ್ಲಿ ಕೂತವರಿಗೆ ಹೊಳೆಯುವುದು ಅಪರೂಪ.

ಈ ಕೆರೆಯನ್ನು ಕಟ್ಟಿಸಿದವನು ಕೃಷ್ಣದೇವರಾಯ. ಕಟ್ಟುವುದನ್ನು ಕಣ್ಣಾರೆ ಕಂಡು ಬರೆದಿಟ್ಟವನು ಡೊಮಿಂಗೊ ಪಾಯಸ್ ಎಂಬ ಪೋರ್ಚುಗೀಸ್ ಪ್ರವಾಸಿ. 1520ರ ಸುಮಾರಿಗೆ ಅವನು ವಿಜಯನಗರಕ್ಕೆ ಬಂದಿದ್ದ. ಕೆರೆಯಲ್ಲಿ ಹದಿನೈದು ಇಪ್ಪತ್ತು ಸಾವಿರ ಜನ ಕೆಲಸ ಮಾಡುತ್ತಿದ್ದರು, ನೋಡಲು ಇರುವೆಗಳ ಹಾಗೆ ಕಾಣುತ್ತಿದ್ದರು ಎಂದು ಅವನು ಬರೆದಿದ್ದಾನೆ. ಅವನ ನಂತರ ಬಂದ ನ್ಯೂನಿಜ್ ಎಂಬುವನು ಇದೇ ಕೆಲಸದ ವಿಷಯ ಬರೆಯುತ್ತ, ಗೋವೆಯಿಂದ ಜೊವಾವ್ ದೆ ಲಾ ಪೊಂತೆ ಎಂಬ ಕಲ್ಲುಕೆಲಸದ ಮೇಸ್ತ್ರಿಯನ್ನು ರಾಯರು ಕರೆಸಿಕೊಂಡರು ಎಂದು ಹೇಳುತ್ತಾನೆ.

ಇಲ್ಲಿ ಸ್ವಲ್ಪ ನಿಂತು ನೋಡೋಣ, ಮಕ್ಕಳೇ. ಕೆರೆ ಕಟ್ಟಿಸಿದ ರಾಜನ ಹೆಸರು ಗೊತ್ತಾಯಿತು. ನೋಡಿ ಬರೆದವರ ಹೆಸರು ಗೊತ್ತಾಯಿತು. ಹೊರಗಿನಿಂದ ಬಂದ ಮೇಸ್ತ್ರಿಯ ಹೆಸರೂ ಗೊತ್ತಾಯಿತು. ಬುಟ್ಟಿಯಲ್ಲಿ ಮಣ್ಣು ಹೊತ್ತ ಆ ಹದಿನೈದು ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರ ಹೆಸರಾದರೂ ಈ ಬರಹಗಳಲ್ಲಿ ಬರಲಿಲ್ಲ. ಏರಿಗೆ ಯಾವ ಮಣ್ಣು ಒಳ್ಳೆಯದು, ಎಷ್ಟು ತುಳಿದರೆ ಅದು ಕೂರುತ್ತದೆ, ನೀರು ಜಿನುಗುವುದು ಹೇಗೆ ಗೊತ್ತಾಗುತ್ತದೆ ಎಂಬುದೆಲ್ಲ ಅವರ ಕೈಯಲ್ಲಿತ್ತು. ಅದನ್ನು ಅವರಿಂದ ಕೇಳಿ ಬರೆದುಕೊಳ್ಳಬೇಕು ಎಂದು ಆ ಇಬ್ಬರಿಗೂ ಅನ್ನಿಸಲಿಲ್ಲ.

ಪಾಯಸ್, ನ್ಯೂನಿಜರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ. ಅವರು ಪಂಡಿತರಾಗಿರಲಿಲ್ಲ, ಕೆಲಸದ ಮೇಲೆ ಬಂದವರು. ನ್ಯೂನಿಜ್ ಕುದುರೆ ವ್ಯಾಪಾರಿ, 1535ರಿಂದ 1537ರವರೆಗೆ ಇಲ್ಲಿದ್ದ ಎನ್ನುತ್ತಾರೆ. ಹಾಗಾಗಿ ಅವನ ಬರಹದಲ್ಲಿ ಕುದುರೆಯ ಲೆಕ್ಕ ಜಾಸ್ತಿ. ರಾಜ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದ ಎನ್ನುತ್ತಾನೆ. ಅದಕ್ಕಿಂತ ಹಿಂದೆ ಆಳಿದ ಸಾಳುವ ನರಸಿಂಹನ ಬಗ್ಗೆ ಒಂದು ಸೊಗಸಾದ ಸಂಗತಿ ಬರೆದಿದ್ದಾನೆ. ಹಡಗಿನಲ್ಲಿ ಬರುವಾಗ ಸತ್ತ ಕುದುರೆಗೂ ಆ ರಾಜ ಬದುಕಿದ ಕುದುರೆಯಷ್ಟೇ ಹಣ ಕೊಡುತ್ತಿದ್ದನಂತೆ. ಸತ್ತದ್ದಕ್ಕೆ ಸಾಕ್ಷಿಯಾಗಿ ಬಾಲ ತಂದು ತೋರಿಸಿದರೆ ಸಾಕು! ಬ್ಯಾಂಕಿನಲ್ಲಿ ವರ್ಷಗಟ್ಟಲೆ ವೋಚರು ನೋಡಿ ಹಣ ಪಾಸು ಮಾಡಿದ ನನ್ನಂಥವನಿಗೆ ಇದನ್ನು ಓದಿದಾಗ ನಗು ತಡೆಯಲಾಗಲಿಲ್ಲ. ಅಲ್ಲಿ ಬಾಲವೇ ವೋಚರು. ಅರಮನೆಯ ವೈಭವ ನೋಡಲು ಬಂದ ಕವಿಯೊಬ್ಬ ಈ ಬಾಲದ ಲೆಕ್ಕವನ್ನು ಬರೆಯುತ್ತಿರಲಿಲ್ಲ. ಕುದುರೆ ವ್ಯಾಪಾರಿ ಬರೆದ. ಅವರವರ ಕೆಲಸ ಅವರವರಿಗೆ ಒಂದೊಂದು ಕಣ್ಣು ಕೊಟ್ಟಿರುತ್ತದೆ.

ಹಂಪಿಯ ವಿಷಯದಲ್ಲಿ ಇಂಥ ಕೆಲಸಗಾರರು ಇನ್ನೂ ಇದ್ದಾರೆ. ಕಾಲಿನ್ ಮೆಕೆಂಜಿ ನೆಲ ಅಳೆಯುವ ಸರ್ವೆ ಅಧಿಕಾರಿ. 1799ರ ಸುಮಾರಿಗೆ ಹಂಪಿಯ ಹಾಳು ಪಟ್ಟಣದ ನಕ್ಷೆ ಮಾಡಿಸಿದ. ಅವನ ಕೈಕೆಳಗೆ ಕಾವಲಿ ವೆಂಕಟ ಬೋರಯ್ಯ, ಲಕ್ಷ್ಮಯ್ಯ ಎಂಬ ತೆಲುಗು ನಾಡಿನ ಅಣ್ಣತಮ್ಮಂದಿರು ದುಡಿದರು. ಊರೂರಿನ ಕೈಫಿಯತ್ತು, ಶಾಸನ, ಹಳೆಯ ಕಾಗದಗಳನ್ನು ಕೂಡಿಹಾಕುವಲ್ಲಿ ಅವರ ಶ್ರಮ ದೊಡ್ಡದು. ಮೆಕೆಂಜಿ ಅವರ ಹೆಸರು ಹೇಳಿ ಬರೆದಿಟ್ಟದ್ದರಿಂದ ಆ ಇಬ್ಬರು ನಮಗೆ ಗೊತ್ತು.

ಅಲೆಕ್ಸಾಂಡರ್ ಗ್ರೀನ್‌ಲಾ ಸೈನ್ಯದ ಅಧಿಕಾರಿ. 1856ರಲ್ಲಿ ದೊಡ್ಡ ಕ್ಯಾಮೆರಾ ಹೊತ್ತುಕೊಂಡು ಬಂದು ಹಂಪಿಯ ಚಿತ್ರ ತೆಗೆದ. ವಿಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಆಗ ಇಟ್ಟಿಗೆಯ ಗೋಪುರ ಇತ್ತು, ಈಗ ಇಲ್ಲ. ಅದು ಹೇಗಿತ್ತು ಎಂದು ಅವನ ಚಿತ್ರದಲ್ಲಿ ಇಂದಿಗೂ ನೋಡಬಹುದು. ಐವತ್ತು ರೂಪಾಯಿ ನೋಟಿನ ಹಿಂದೆ ಅಚ್ಚಾದ ರಥಕ್ಕೆ ಆ ಗೋಪುರ ಇಲ್ಲ, ಬೇಕಾದರೆ ನೋಟು ತೆಗೆದು ನೋಡಿ.

ರಾಬರ್ಟ್ ಸೆವೆಲ್ ಮದ್ರಾಸ್ ಸರ್ಕಾರದ ಸಿವಿಲ್ ಸರ್ವೀಸಿನ ಅಧಿಕಾರಿ, ಬಳ್ಳಾರಿಯಲ್ಲೂ ಕಲೆಕ್ಟರ್ ಆಗಿದ್ದವನು. 1897ರಲ್ಲಿ ಡೇವಿಡ್ ಲೋಪೆಸ್ ಎಂಬ ವಿದ್ವಾಂಸ ಲಿಸ್ಬನ್‌ನಲ್ಲಿ ಪಾಯಸ್, ನ್ಯೂನಿಜರ ಬರಹಗಳನ್ನು ಅಚ್ಚು ಹಾಕಿಸಿದ. ಅದರ ಹಸ್ತಪ್ರತಿ ಇದ್ದದ್ದು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ. ಸೆವೆಲ್ ಅವನ್ನು ಇಂಗ್ಲಿಷಿಗೆ ತಂದು 1900ರಲ್ಲಿ ‘ಎ ಫರ್ಗಾಟನ್ ಎಂಪೈರ್’ ಎಂಬ ಪುಸ್ತಕ ಮಾಡಿದ. ನೋಡಿ, ನಮ್ಮೂರಿನ ಕೆರೆಯ ಕಥೆ ಪ್ಯಾರಿಸ್ಸಿನ ಕಪಾಟಿನಲ್ಲಿ ಕೂತಿತ್ತು! ಯಾರೋ ಬರೆದಿದ್ದರು, ಯಾರೋ ಕಾಪಾಡಿದ್ದರು. ಹಾಗಾಗಿ ತಿರುಗಿ ಊರಿಗೆ ಬಂತು.

ಬರೆಯದೆ ಹೋದದ್ದು ಹೀಗೆ ತಿರುಗಿ ಬರುವುದಿಲ್ಲ. ಇವತ್ತು ನನಗೆ ಹೇಳಬೇಕಾಗಿರುವ ಮಾತು ಇದೇ.

ನನ್ನ ಕೆಲಸದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕಂಪ್ಯೂಟರ್ ಬರುವ ಮೊದಲು ಬ್ಯಾಂಕಿನಲ್ಲಿ ಎಲ್ಲವೂ ಕೈಬರಹದ ಲೆಡ್ಜರು. ಸಂಜೆ ಲೆಕ್ಕ ಟ್ಯಾಲಿ ಆಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ಆಗ ಹಿರಿಯ ಗುಮಾಸ್ತರು ಮೊದಲು ನೋಡುತ್ತಿದ್ದದ್ದು ವ್ಯತ್ಯಾಸದ ಅಂಕಿಯನ್ನು. ಅದು ಒಂಬತ್ತರಿಂದ ಭಾಗವಾಗುತ್ತದೆಯೇ? ಆದರೆ ಯಾವುದೋ ಒಂದು ಕಡೆ ಎರಡು ಅಂಕಿ ಅದಲುಬದಲಾಗಿ ಬಿದ್ದಿರುವ ಸಂಭವ ಹೆಚ್ಚು. 63 ಬರೆಯುವ ಕಡೆ 36 ಬಿದ್ದರೆ ವ್ಯತ್ಯಾಸ 27. 82ರ ಬದಲು 28 ಬಿದ್ದರೆ 54. ಎರಡೂ ಒಂಬತ್ತರ ಮಗ್ಗಿಯಲ್ಲಿವೆ. ಹತ್ತರ ಸ್ಥಾನದಿಂದ ಒಂದರ ಸ್ಥಾನಕ್ಕೆ ಇಳಿದ ಅಂಕಿ ಹತ್ತರಲ್ಲಿ ಒಂಬತ್ತು ಪಾಲು ಕಳೆದುಕೊಳ್ಳುತ್ತದೆ, ಮೇಲೆ ಏರಿದ ಅಂಕಿ ತನ್ನ ಒಂಬತ್ತರಷ್ಟು ಹೆಚ್ಚು ಪಡೆಯುತ್ತದೆ. ಅದಕ್ಕೇ ಹೀಗೆ. ನೀವೂ ಯಾವುದಾದರೂ ಎರಡಂಕಿ ಸಂಖ್ಯೆ ತೆಗೆದುಕೊಂಡು ತಿರುಗಿಸಿ, ಕಳೆದು ನೋಡಿ.

ವ್ಯತ್ಯಾಸ ಸಮಸಂಖ್ಯೆಯಾಗಿದ್ದರೆ ಇನ್ನೊಂದು ಉಪಾಯ. ಅದರ ಅರ್ಧ ಮಾಡಿ, ಆ ಮೊತ್ತದ ನಮೂದು ಎಲ್ಲಿದೆ ಎಂದು ಹುಡುಕುವುದು. ಜಮೆಯಾಗಬೇಕಾದದ್ದು ಖರ್ಚಿನ ಕಡೆ ಬಿದ್ದಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಬಿ.ಕಾಂ. ತರಗತಿಯಲ್ಲಿ ನನಗೆ ಇವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕದ ಕುರ್ಚಿಯ ಹಿರಿಯರು ಹೇಳಿಕೊಟ್ಟರು. ಅವರಿಗೆ ಅವರ ಹಿರಿಯರು. ಈಗ ಲೆಕ್ಕವನ್ನು ಯಂತ್ರ ಮಾಡುತ್ತದೆ. ಹಾಗಾಗಿ ಹೇಳಿಕೊಡಲು ಕುರ್ಚಿಯೂ ಇಲ್ಲ, ಕೇಳುವವರೂ ಇಲ್ಲ.

ಇದು ಹೋದರೆ ಹೋಗಲಿ, ದೊಡ್ಡ ನಷ್ಟವಲ್ಲ. ಆದರೆ ಕೆಲವು ಕೆಲಸಗಳ ತಿಳಿವಳಿಕೆ ಹೋದರೆ ಸಾವಿರಾರು ಮನೆಗಳ ಅನ್ನ ಹೋಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದು ಚೈನು ತುಂಡಾಗಿ ಕೊಚ್ಚಿಹೋಯಿತು. ಡ್ಯಾಂ ತುಂಬಿತ್ತು. ಕಣ್ಣೆದುರೇ ನೀರು ನದಿಗೆ ಸುರಿಯುತ್ತಿತ್ತು. ಹೊಸಪೇಟೆ, ಕಂಪ್ಲಿ, ಗಂಗಾವತಿ, ಸಿರುಗುಪ್ಪ ಕಡೆಯ ಭತ್ತದ ರೈತರಿಗೆ ಆ ವಾರ ನಿದ್ದೆ ಇರಲಿಲ್ಲ. ಆಗ ಕರೆಸಿದ್ದು ಎಂಬತ್ತರ ಆಸುಪಾಸಿನ ನಿವೃತ್ತ ಇಂಜಿನಿಯರ್ ಕನ್ನಯ್ಯ ನಾಯ್ಡು ಅವರನ್ನು. ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ದುಡಿದವರು ಅವರು. ಅಣೆಕಟ್ಟೆಗಳ ಗೇಟು ತಯಾರಿಸುತ್ತಿದ್ದ ಆ ಕಾರ್ಖಾನೆ ಮುಚ್ಚಿಹೋಗಿದೆ. ಅಲ್ಲಿ ಕಲಿತದ್ದು ಮಾತ್ರ ಅವರ ತಲೆಯಲ್ಲಿ ಉಳಿದಿತ್ತು. ಸುತ್ತಲಿನ ಕಾರ್ಖಾನೆಗಳ ಕಾರ್ಮಿಕರು ಉಕ್ಕಿನ ಸ್ಟಾಪ್‌ಲಾಗ್ ತುಂಡುಗಳನ್ನು ತಯಾರಿಸಿಕೊಟ್ಟರು. ಹರಿಯುವ ನೀರಿನಲ್ಲೇ ಒಂದರ ಮೇಲೊಂದು ಇಳಿಸಿ, ವಾರದೊಳಗೆ ಬಾಯಿ ಮುಚ್ಚಿದರು.

ನಾವೆಲ್ಲ ಚಪ್ಪಾಳೆ ತಟ್ಟಿದೆವು, ತಟ್ಟಲೇಬೇಕು. ಆದರೆ ನನಗೆ ಒಂದು ಯೋಚನೆಯೂ ಬಂತು. ಅಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1945ರಲ್ಲಿ, ಕಾಲುವೆಗೆ ನೀರು ಬಂದದ್ದು 1953ರಲ್ಲಿ. ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿದ ಅಣೆಕಟ್ಟೆ ಅದು. ಆ ಗಾರೆಯ ಹದ ಬಲ್ಲ ಕೈಗಳು ಈಗ ಎಷ್ಟು ಉಳಿದಿವೆ? ನೀರಿನಲ್ಲಿ ಮುಳುಗಿದ್ದು ಸುಮಾರು 90 ಹಳ್ಳಿ. ಆಗ ಗಂಟು ಮೂಟೆ ಕಟ್ಟಿಕೊಂಡು ಎದ್ದು ಬಂದ ಹತ್ತು ವರ್ಷದ ಮಕ್ಕಳು ಈಗ ಎಂಬತ್ತು ದಾಟಿದ್ದಾರೆ. ಊರ ಬಾವಿ ಎಲ್ಲಿತ್ತು, ಜಾತ್ರೆ ಯಾವಾಗ ಆಗುತ್ತಿತ್ತು, ಯಾವ ಹೊಲದಲ್ಲಿ ಏನು ಬೆಳೆಯುತ್ತಿತ್ತು ಎಂಬುದು ಅವರಿಗೆ ಗೊತ್ತು. ಕೇಳಲು ನಮಗೆ ಹೆಚ್ಚು ವರ್ಷ ಉಳಿದಿಲ್ಲ.

ಇಂಥವರು ನಮ್ಮ ಸುತ್ತಲೇ ಇದ್ದಾರೆ. ಹಂಪಿಯ ಬಾಳೆತೋಟಗಳಿಗೆ ನೀರುಣಿಸುವ ತುರ್ತು ಕಾಲುವೆ ವಿಜಯನಗರದ ಕಾಲದ್ದು. ಯಾವ ತೂಬಿಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂದು ನೀರಗಂಟಿಗೆ ಗೊತ್ತು. ಬುಟ್ಟಿಯಂತೆ ದುಂಡಗಿನ ಹರಿಗೋಲನ್ನು ಪಾಯಸ್ ಆನೆಗೊಂದಿಯ ಹೊಳೆಯಲ್ಲಿ ಕಂಡು ಬೆರಗಾಗಿ ಬರೆದಿದ್ದ. ಬಿದಿರನ್ನು ಸೀಳಿ, ಬಾಗಿಸಿ ಅದನ್ನು ಹೆಣೆಯುವ ಬಗೆ ಬಲ್ಲವರು ನದಿ ದಂಡೆಯಲ್ಲಿ ಈಗಲೂ ಇದ್ದಾರೆ. ಕಂಪ್ಲಿ ಕಡೆಯ ಬೆಲ್ಲದ ಗಾಣಗಳಲ್ಲಿ ಪಾಕ ಬಂತೋ ಇಲ್ಲವೋ ಎಂದು ಹೇಳುವ ಕೈಗಳಿವೆ. ಸಂಡೂರಿನ ಲಂಬಾಣಿ ಕಸೂತಿಗೆ ಜಿ.ಐ. ಮಾನ್ಯತೆ ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ ಪ್ರದರ್ಶನಕ್ಕೆ ಗಿನ್ನೆಸ್ ದಾಖಲೆಯೂ ಬಂತು. ದಾಖಲೆ ಬಂದದ್ದು ನಮಗೆ ನೆನಪಿದೆ. ಸೂಜಿ ಹಿಡಿದ ಒಬ್ಬ ತಾಯಿಯ ಹೆಸರಾದರೂ ನೆನಪಿದೆಯೇ? ಆಕೆ ಹಾಕುವ ಹೊಲಿಗೆಗಳ ಹೆಸರು?

ಓದಿದವರಿಗೆ ಮಾತ್ರ ತಿಳಿವಳಿಕೆ ಇದೆ, ಉಳಿದವರಿಗೆ ಬರೀ ಕೆಲಸ ಇದೆ ಎಂಬ ಭಾವನೆ ನಮ್ಮಲ್ಲಿ ಬೇರುಬಿಟ್ಟಿದೆ. ಕೆಲಸ ಮಾಡುವವರೂ ಅದನ್ನು ನಂಬಿಬಿಟ್ಟಿದ್ದಾರೆ. ಹೋಗಿ ಕೇಳಿದರೆ, “ನಮ್ದೇನೈತಪ್ಪ ಬರಿಯಾಕ, ಓದಿದೋರ್ನ ಕೇಳು ಹೋಗು” ಎನ್ನುತ್ತಾರೆ. ಆ ಮಾತಿಗೆ ವಾಪಸ್ಸು ಬರಬೇಡಿ. ಅಲ್ಲೇ ಕೂತುಕೊಳ್ಳಿ.

ಈ ರಜೆಯಲ್ಲಿ ಮಕ್ಕಳೇ, ನಿಮಗೊಂದು ಕೆಲಸ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಅಜ್ಜಿಯೋ ತಾತನೋ, ಓಣಿಯ ಬಡಿಗರೋ, ಟೈಲರ್ ಮಾಮನೋ, ಹೊಲದ ಅಮ್ಮನೋ, ಯಾರಾದರೂ ಒಬ್ಬರ ಹತ್ತಿರ ಹೋಗಿ. ಅವರಿಗೆ ಬಿಡುವಿದ್ದಾಗ ಹೋಗಿ, ಕೆಲಸದ ನಡುವೆ ಕಾಡಬೇಡಿ. ಈ ಐದು ಪ್ರಶ್ನೆ ಕೇಳಿ.

ನಿಮಗೆ ಈ ಕೆಲಸ ಕಲಿಸಿದವರು ಯಾರು? ಮೊದಲ ಕೂಲಿ ಎಷ್ಟಿತ್ತು? ನಿಮ್ಮ ಸಲಕರಣೆಗಳ ಹೆಸರೇನು? ಮೊದಲು ಇದ್ದು ಈಗ ಇಲ್ಲದ್ದು ಯಾವುದು? ಕೆಲಸ ಹದ ತಪ್ಪುತ್ತಿದೆ ಎಂದು ನಿಮಗೆ ಮೊದಲು ತಿಳಿಯುವುದು ಕಣ್ಣಿಗೋ, ಕಿವಿಗೋ, ಮೂಗಿಗೋ, ಕೈಗೋ?

ಈ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಅದನ್ನು ಕೇಳಿದಾಗ ಅವರು ಒಂದು ಗಳಿಗೆ ಸುಮ್ಮನಾಗಿ ನಿಮ್ಮ ಮುಖ ನೋಡುತ್ತಾರೆ. ಯಾಕೆಂದರೆ ಇದುವರೆಗೆ ಅವರನ್ನು ಯಾರೂ ಅದನ್ನು ಕೇಳಿರುವುದಿಲ್ಲ. ಆಮೇಲೆ ಶುರು ಮಾಡಿದರೆ ನಿಮ್ಮ ನೋಟ್‌ಬುಕ್ಕೇ ಸಾಲದೆ ಹೋಗಬಹುದು.

ಅವರು ಆಡಿದ ಮಾತನ್ನು ಅವರ ಮಾತಿನಲ್ಲೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಗು ಹೀಗೆ ಕೂತು ಬರೆಯುತ್ತಿದ್ದರೆ, ಇದರಿಂದ ಎಷ್ಟು ಮಾರ್ಕು ಬರುತ್ತದೆ ಎಂದು ಕೇಳಬೇಡಿ. ಬರೆದದ್ದನ್ನು ಹೇಳಿದವರ ಮುಂದೆಯೇ ಒಮ್ಮೆ ಓದಿಸಿ. ಹೆಸರು ಬರೆದುಕೊಳ್ಳಲು ಅವರ ಒಪ್ಪಿಗೆ ಕೇಳಲಿ.

ಬರೆದು ಮುಗಿದ ಮೇಲೆ ಕೆಳಗೆ ಮೂರು ವಿಷಯ ಇರಲಿ: ಹೇಳಿದವರ ಪೂರ್ತಿ ಹೆಸರು, ಊರು, ತಾರೀಖು. ಗುಮಾಸ್ತನ ಅಭ್ಯಾಸ ಇದು ಎಂದು ನಗಬೇಡಿ. ತಾರೀಖು ಇಲ್ಲದ ವೋಚರು ಪಾಸಾಗುವುದಿಲ್ಲ.